ಮಳೆಗಾಲದ ಮೆಟ್ಟು

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟವರು ಹೆಮ್ಮಾಡಿಯನ್ನೂ ಮುಳ್ಳಿಕಟ್ಟೆಯನ್ನೂ ಹಿಂದಿಕ್ಕಿ ತ್ರಾಸಿಯನ್ನು ಮುಟ್ಟಿದರೆಂದರೆ, ಅಲ್ಲಿಯವರೆಗೆ ತೆಂಗಿನ ತೋಟಗಳ ಮರೆಯಲ್ಲಿ ಬರಿಯ ಸದ್ದಾಗಿದ್ದ ಕಡಲು ಒಮ್ಮೆಲೇ ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಮರವಂತೆಯ ಬಳಿ ಹೆದ್ದಾರಿಯ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ. ಕೊಡಚಾದ್ರಿಯ ಮಡಿಲಿನಿಂದ ಹೊರಟು, ಕೊಲ್ಲೂರನ್ನು ಹಾದು ಬಂದ ಈ ನದಿ, ಕಡಲಿಗೆ ಕೂಗಳತೆಯಷ್ಟು ಸಮೀಪಕ್ಕೆ ಬಂದೂ ಅದನ್ನು ಕೂಡುವ ಮನಸ್ಸಿಲ್ಲದೆ ತೆಂಕಣಕ್ಕೆ ಹೊರಳಿ, ಗಂಗೊಳ್ಳಿಯ ಅಳಿವೆಯವರೆಗೆ ಸಾವಕಾಶವಾಗಿ ಹರಿದು ಅಲ್ಲಿ ಸಮುದ್ರವನ್ನು ಸೇರುತ್ತದೆ. ಬೇಸಗೆಯಲ್ಲಿ ಬಂದ ಪ್ರವಾಸಿಗರು ಇದನ್ನು ನೋಡಿ ಮೆಚ್ಚಿ, ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಈ ರಸ್ತೆಯ ನಿಜವಾದ ಸ್ವರೂಪವನ್ನು ಬಲ್ಲವರು ಮಳೆಗಾಲದಲ್ಲಿ ಇದರ ಮೇಲೆ ದಿನವೂ ಹೋಗಿ ಬರುವವರು. ಮೃಗಶಿರಾ ಹಿಡಿದು ಆರ್ದ್ರಾ ಕಾಲಿಟ್ಟಿತೆಂದರೆ ಎಡಕ್ಕೆ ನೀರು, ಬಲಕ್ಕೆ ನೀರು, ತಲೆಯ ಮೇಲೆ ನೀರು. ಕೊನೆಗೆ, ನಾವು ಯೋಚಿಸದೆ ಇರುವುದು ಇದೊಂದನ್ನೇ, ಚಕ್ರದ ಅಡಿಯಲ್ಲಿಯೂ ನೀರು.

ಈ ನಾಲ್ಕನೆಯ ನೀರಿನ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಕನ್ನಡದ ಅಧ್ಯಾಪಕನಿಗೆ ಟೈರಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಇಪ್ಪತ್ತು ವರ್ಷ ನಾನೂ ಹಾಗೆಯೇ ಕೇಳಿಕೊಂಡು ಸುಮ್ಮನಿದ್ದೆ. ಆ ಮೌನಕ್ಕೆ ತೆತ್ತ ಬೆಲೆಯನ್ನು ಹೇಳಿದರೆ ಉತ್ತರ ತಾನಾಗಿ ದೊರೆಯುತ್ತದೆ.

ಬಿದ್ದ ದಿನ

ಎರಡು ವರ್ಷಗಳ ಹಿಂದಿನ ಮಾತು. ಮೇ ತಿಂಗಳಲ್ಲಿಯೇ ನನ್ನ ಮೋಟಾರು ಸೈಕಲ್ಲಿನ ಹಿಂದಿನ ಟೈರು ಸವೆದಿತ್ತು. ಹೊಸದಕ್ಕೆಂದು ಎತ್ತಿಟ್ಟ ಹಣ ಕೈಯಲ್ಲಿತ್ತು. ಅಷ್ಟರಲ್ಲಿ ಪರಿಚಿತರೊಬ್ಬರು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನು ಒಟ್ಟಿಗೆ ಮಾರುತ್ತಾರೆಂಬ ಸುದ್ದಿ ಬಂತು. ಬಹುಕಾಲದ ಆಸೆ. ಟೈರಿಗೆ ಇನ್ನೊಂದು ತಿಂಗಳು ತಡೆಯಬಹುದು, ಸಂಪುಟಗಳು ತಡೆಯಲಾರವು ಎಂದು ಮನಸ್ಸು ತರ್ಕ ಮಾಡಿತು. ಓದಿದವನ ತರ್ಕ ಯಾವಾಗಲೂ ಅವನ ಆಸೆಯ ಪಕ್ಷದ್ದೇ. ಸಂಪುಟಗಳು ಮನೆಗೆ ಬಂದವು. ಟೈರು ಅಂಗಡಿಯಲ್ಲೇ ಉಳಿಯಿತು.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಕುಂದಾಪುರದಿಂದ ಮಗಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬರುತ್ತಿದ್ದೆ. ದೊಡ್ಡ ಮಳೆ ನಿಂತು ಹನಿ ಮಾತ್ರ ಉಳಿದಿತ್ತು. ವೇಗ ಗಂಟೆಗೆ ನಲವತ್ತು ಕಿಲೋಮೀಟರನ್ನು ಮೀರಿರಲಿಲ್ಲ. ತ್ರಾಸಿಯ ಬಳಿ ರಸ್ತೆಯ ಬದಿಯಲ್ಲಿದ್ದ ಕರುವೊಂದು ಏನನ್ನೋ ಕಂಡು ಬೆದರಿ ಅಡ್ಡ ಬಂತು. ಎಲ್ಲರೂ ಮಾಡುವಂತೆ ನಾನೂ ಬ್ರೇಕು ಒತ್ತಿದೆ. ಗಾಡಿಯ ಹಿಂಭಾಗವು, ಯಾರೋ ಪಕ್ಕದಿಂದ ಎಳೆದುಕೊಂಡಂತೆ, ನನ್ನ ಕೈಯಿಂದ ಜಾರಿ ಹೋಯಿತು. ಕರು ತನ್ನ ಪಾಡಿಗೆ ಆಚೆ ದಾಟಿತು. ನಾವಿಬ್ಬರೂ ರಸ್ತೆಯ ಮೇಲಿದ್ದೆವು. ಹಿಂದಿನಿಂದ ಬರುತ್ತಿದ್ದ ಲಾರಿಯ ಚಾಲಕ ಪುಣ್ಯವಂತ, ದೂರದಲ್ಲಿಯೇ ನಿಲ್ಲಿಸಿದ.

ನನಗೆ ಮೊಣಕಾಲು ತರಚಿತು. ಮಗಳ ಎಡ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಆರು ವಾರ ಕೈಗೆ ಪ್ಲಾಸ್ಟರು. ಅವಳ ಶಾಲೆಯ ಮಕ್ಕಳ ಯಕ್ಷಗಾನದಲ್ಲಿ ಆ ವರ್ಷ ಅಭಿಮನ್ಯುವಿನ ವೇಷ ಅವಳದು. ಬೇಸಗೆಯೆಲ್ಲ ಹೆಜ್ಜೆ ಕಲಿತಿದ್ದಳು. ಆ ವೇಷ ಇನ್ನೊಬ್ಬ ಹುಡುಗಿಯ ಪಾಲಾಯಿತು. ಮಗಳು ಅಳಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗಾಡಿಯನ್ನು ತಳ್ಳಿಕೊಂಡು ಹೋದದ್ದು ಪೇಟೆಯ ಪಂಕ್ಚರ್ ಅಂಗಡಿಗೆ. ಅಂಗಡಿಯಾತ ಹಿಂದಿನ ಚಕ್ರದ ಮೇಲೆ ಒಮ್ಮೆ ಬೆರಳಾಡಿಸಿದ. "ಹ್ವಾಯ್ ಮಾಷ್ಟ್ರೇ, ಇದ್ ಪೂರಾ ನೈಸ್ ಆಯ್ತ್. ಮಳ್ಗಾಲ್ದಗೆ ಇದ್ರಗೆ ಹೋಪುಕ್ ಆತಿಲ್ಲೆ. ನೀವ್ ಓದ್ದವ್ರ್ ಅಲ್ದಾ?" ಎಂದ. ಅವನ ದನಿಯಲ್ಲಿ ಹಂಗಿಸುವ ಭಾವ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಆ ಪ್ರಶ್ನೆಗೆ ನನ್ನ ಎಂಟು ಸಂಪುಟಗಳಲ್ಲಿಯೂ ಉತ್ತರ ಇರಲಿಲ್ಲ.

ನೈಸ್ ಎಂಬ ಮಾತು, ಮೆಟ್ಟು ಎಂಬ ಮಾತು

ಇಂಗ್ಲಿಷಿನಲ್ಲಿ 'ನೈಸ್' ಎಂದರೆ ಚೆನ್ನಾದದ್ದು, ಹಿತವಾದದ್ದು. ನಮ್ಮ ಜನ ಅದನ್ನು ಎರವಲು ತಂದು ಅದಕ್ಕೆ ನುಣುಪು ಎಂಬ ಅರ್ಥವನ್ನು ಕೊಟ್ಟಿದ್ದಾರೆ. ರುಬ್ಬಿದ ಹಿಟ್ಟು ನೈಸಾದರೆ ಒಳ್ಳೆಯದು. ನೆಲ ನೈಸಾದರೆ ನೋಡಲು ಚಂದ. ಟೈರು ನೈಸಾದರೆ ಆಸ್ಪತ್ರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವನು ಹತ್ತಿರದ ನುಣುಪಿನ ಅಪಾಯವನ್ನು ಹೇಳುವುದು ಮರೆತ.

ಟೈರಿನ ಹೊರಮೈಯಲ್ಲಿ ಕೊರೆದ ಗೀರುಗಳ ಭಾಗಕ್ಕೆ ಇಂಗ್ಲಿಷಿನಲ್ಲಿ 'ಟ್ರೆಡ್' ಎನ್ನುತ್ತಾರೆ. ತುಳಿ, ಕಾಲೂರು ಎಂಬುದು ಆ ಶಬ್ದದ ಮೂಲ ಅರ್ಥ. ಅದಕ್ಕೆ ಕನ್ನಡದಲ್ಲಿ ಏನೆನ್ನಬಹುದು ಎಂದು ಮಗಳ ಪಕ್ಕದಲ್ಲಿ ಕುಳಿತ ಆ ದಿನಗಳಲ್ಲಿ ಯೋಚಿಸುತ್ತಿದ್ದೆ. ಹೊಸ ಶಬ್ದವನ್ನು ಟಂಕಿಸುವ ಅಗತ್ಯವೇ ಇಲ್ಲ. ನಮ್ಮಲ್ಲಿ 'ಮೆಟ್ಟು' ಇದೆ. ಮೆಟ್ಟು ಎಂದರೆ ತುಳಿ. ಮೆಟ್ಟಿಲು ಎಂಬುದು ಅದರ ಮಗು. ಮೆಟ್ಟು ಎಂದರೆ ಕಾಲಿಗೆ ತೊಡುವ ಪಾದರಕ್ಷೆಯೂ ಹೌದು. ತುಳಿಯುವ ಕ್ರಿಯೆ, ತುಳಿಯುವಾಗ ಕಾಯುವ ವಸ್ತು, ಎರಡಕ್ಕೂ ಒಂದೇ ಮಾತು. ಟೈರು ಮಾಡುವುದೂ ಇವೆರಡನ್ನೇ. ಅದು ಚಕ್ರದ ಮೆಟ್ಟು.

ನೀರಿನ ನಾಡಿನವರಾದ ನಮಗೆ ಮೆಟ್ಟಿನ ವಿದ್ಯೆ ಹೊಸದಲ್ಲ. ಚಿಕ್ಕಂದಿನಲ್ಲಿ ಮಳೆಗಾಲದ ಗದ್ದೆಯ ಅಂಚಿನ ಮೇಲೆ ನಡೆಯುವಾಗ ಅಜ್ಜಿ ಹೇಳುತ್ತಿದ್ದುದು ನೆನಪಿದೆ: "ಹೆಬ್ಬೆರ್ಳ್ ಊರಿ ನಡಿ, ಮಗಾ." ಒದ್ದೆ ಮಣ್ಣಿನಲ್ಲಿ ಅಂಗಾಲನ್ನು ಚಪ್ಪಟೆಯಾಗಿ ಇಟ್ಟವನು ಜಾರುತ್ತಾನೆ, ಬೆರಳನ್ನು ಊರಿದವನ ಕಾಲು ಮೇಲಿನ ಲೋಳೆಯನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ಒಳ್ಳೆಯ ಟೈರಿನ ರಹಸ್ಯವೆಲ್ಲ ಅಜ್ಜಿಯ ಈ ಒಂದು ವಾಕ್ಯದಲ್ಲಿದೆ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಅಂಗೈಯಷ್ಟು ನೆಲ

ಮೋಟಾರು ಸೈಕಲ್ಲಿನ ಒಂದೊಂದು ಚಕ್ರ ನೆಲವನ್ನು ತಾಗುವುದು ಅಂಗೈಗಿಂತ ದೊಡ್ಡದಲ್ಲದ ಜಾಗದಲ್ಲಿ. ಸವಾರ, ಹಿಂದೆ ಕೂತ ಮಗು, ಗಾಡಿ, ಅಕ್ಕಿಯ ಚೀಲ, ಇವೆಲ್ಲವುಗಳ ಕ್ಷೇಮ ಆ ಎರಡು ಅಂಗೈಗಳ ಮೇಲೆ ನಿಂತಿದೆ. ಒಣ ರಸ್ತೆಯಲ್ಲಿ ರಬ್ಬರು ಡಾಮರಿನ ಕಣಕಣದ ಸಂದುಗಳಿಗೆ ಒತ್ತಿಕೊಂಡು ಹಿಡಿತ ಪಡೆಯುತ್ತದೆ. ನಡುವೆ ನೀರಿನ ತೆಳುವಾದ ಪೊರೆಯೊಂದು ಬಂದರೆ, ಅದನ್ನು ಹೊರಕ್ಕೆ ದಬ್ಬಿದ ಹೊರತು ರಬ್ಬರಿಗೆ ನೆಲ ಸಿಗದು. ಮೆಟ್ಟಿನ ಗೀರುಗಳು ಇರುವುದು ಇದಕ್ಕಾಗಿ. ನಮ್ಮ ತೋಟಗಳಲ್ಲಿ ಮಳೆಗೆ ಮುಂಚೆ ತೋಡುಗಳನ್ನು ಬಿಡಿಸುವುದಿಲ್ಲವೆ? ತೋಡು ಹೂತುಹೋದ ತೋಟದಲ್ಲಿ ನೀರು ಬುಡದಲ್ಲೇ ನಿಲ್ಲುತ್ತದೆ. ಗೀರು ಸವೆದ ಟೈರಿನದೂ ಅದೇ ಅವಸ್ಥೆ.

ಲೆಕ್ಕದಲ್ಲಿ ಹೇಳುವುದಾದರೆ, ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಘರ್ಷಣೆಯ ಗುಣಾಂಕ 0.8 ಇರುವ ಒಣ ರಸ್ತೆಯಲ್ಲಿ, ಬ್ರೇಕು ಬಿಗಿದ ಮೇಲೆ, ಸುಮಾರು 18 ಮೀಟರಿನಲ್ಲಿ ನಿಲ್ಲಬಲ್ಲುದು. ಗುಣಾಂಕ 0.4ಕ್ಕೆ ಇಳಿದರೆ ಸುಮಾರು 35 ಮೀಟರು ಬೇಕು. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಕ್ಷಣದಲ್ಲಿ ಗಾಡಿ ಸಾಗುವ 17 ಮೀಟರುಗಳನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಕರು ಅಷ್ಟು ದೂರದಲ್ಲಿ ನಿಂತು ನಮಗಾಗಿ ಕಾಯುವುದಿಲ್ಲ.

ನೀರು ಆಳವಾಗಿ ನಿಂತಾಗ ಇನ್ನೊಂದು ವಿಪತ್ತು ಉಂಟು. ಚಕ್ರ ನೀರನ್ನು ಸೀಳಲಾರದೆ ಅದರ ಮೇಲೇರಿ ದೋಣಿಯಂತೆ ತೇಲತೊಡಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಎಂಬವರು ವಿಮಾನಗಳ ಟೈರುಗಳನ್ನು ಪರೀಕ್ಷಿಸಿ, 1963ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ವರದಿಯಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು: ತೇಲುವ ವೇಗವು ಟೈರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಸೂತ್ರದಂತೆ ಚದರ ಅಂಗುಲಕ್ಕೆ 28 ಪೌಂಡು ಗಾಳಿಯಿರುವ ಟೈರು ಗಂಟೆಗೆ ಸುಮಾರು 88 ಕಿಲೋಮೀಟರಿನಲ್ಲಿ ತೇಲಿದರೆ, 16 ಪೌಂಡಿಗೆ ಇಳಿದದ್ದು ಸುಮಾರು 67ರಲ್ಲಿಯೇ ತೇಲುತ್ತದೆ. ಮೋಟಾರು ಸೈಕಲ್ಲಿನ ಟೈರು ಕಿರಿದು, ದುಂಡು. ನೀರನ್ನು ಸೀಳುವುದರಲ್ಲಿ ಅದು ಅಗಲ ಟೈರುಗಳಿಗಿಂತ ಜಾಣ. ಆದ್ದರಿಂದ ಈ ಅಂಕೆಗಳನ್ನು ಇದ್ದಂತೆಯೇ ನಮ್ಮ ಗಾಡಿಗೆ ಅನ್ವಯಿಸಲಾಗದು. ಆದರೂ ತಾತ್ಪರ್ಯ ನಿಲ್ಲುತ್ತದೆ: ಗಾಳಿ ಕಡಿಮೆಯಾದಷ್ಟೂ ನೀರಿಗೆ ಬಲ ಹೆಚ್ಚು. ಒದ್ದೆ ರಸ್ತೆಯಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆಂದು ಹೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಸರು ಗದ್ದೆಯಲ್ಲಿ ಅದು ನಿಜವಿರಬಹುದು. ಡಾಮರು ರಸ್ತೆಯಲ್ಲಿ ಗಾಳಿ ಇಳಿದ ಟೈರಿನ ಗೀರುಗಳು ಮುಚ್ಚಿಕೊಂಡು ತೋಡುಗಳೇ ಇಲ್ಲವಾಗುತ್ತವೆ.

ರಬ್ಬರಿನ ಕಥೆ

ಇಂದು ನಾವು ಅಲಕ್ಷ್ಯ ಮಾಡುವ ಈ ಕರಿಯ ಬಳೆಯ ಹಿಂದೆ ಎಷ್ಟು ಜನರ ತಪಸ್ಸಿದೆ! ಹಸಿಯ ರಬ್ಬರು ಬೇಸಗೆಗೆ ಕರಗಿ ಅಂಟಾಗುತ್ತಿತ್ತು, ಚಳಿಗೆ ಸೆಟೆದು ಒಡೆಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕದೊಡನೆ ಅದನ್ನು ಕಾಯಿಸಿ ಹದಗೊಳಿಸುವ ಬಗೆಯನ್ನು ಕಂಡುಕೊಂಡ. ಲೋಕಕ್ಕೆಲ್ಲ ಸಂಪತ್ತನ್ನು ತೋರಿಸಿ ತಾನು ಸಾಲದಲ್ಲಿಯೇ 1860ರಲ್ಲಿ ತೀರಿಕೊಂಡ. ಅವನ ಹೆಸರು ಹೊತ್ತ ಕಾರ್ಖಾನೆ ಹುಟ್ಟಿದ್ದು ಅನಂತರ, 1898ರಲ್ಲಿ. ಅದಕ್ಕೂ ಅವನ ಮನೆತನಕ್ಕೂ ಸಂಬಂಧವಿಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದಿದ್ದ. ಆದರೆ ಅದನ್ನು ಲೋಕ ಮರೆಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕುವುದನ್ನು ನೋಡಲಾರದೆ ಅದೇ ಉಪಾಯವನ್ನು ಹೊಸದಾಗಿ ಕಂಡುಕೊಂಡು 1888ರಲ್ಲಿ ಹಕ್ಕುಪತ್ರ ಪಡೆದ. ಟೈರಿನ ಇತಿಹಾಸದ ಈ ದೊಡ್ಡ ಹೆಜ್ಜೆಗೆ ಕಾರಣ ಒಬ್ಬ ತಂದೆಗೆ ತನ್ನ ಮಗುವಿನ ಮೇಲಿದ್ದ ಕನಿಕರ ಎಂಬುದನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಮೊದಲ ಟೈರುಗಳು ಬಿಳಿಚಾಗಿದ್ದವು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ನುಣುಪಾದ ಇದ್ದಿಲ ಮಸಿಯನ್ನು ಬೆರೆಸತೊಡಗಿದ ಮೇಲೆ ಅವು ಕರಿದಾದವು, ಬಾಳಿಕೆಯೂ ಬಹಳ ಹೆಚ್ಚಿತು. 1990ರ ದಶಕದಲ್ಲಿ ಮೊದಲು ಕಾರುಗಳ ಟೈರುಗಳಿಗೆ, ಆಮೇಲೆ ಮೋಟಾರು ಸೈಕಲ್ಲಿನವಕ್ಕೆ, ಸಿಲಿಕಾ ಎಂಬ ವಸ್ತುವನ್ನು ಸೇರಿಸುವ ಪದ್ಧತಿ ಬಂತು. ಒದ್ದೆಯಲ್ಲಿ ಹಿಡಿತವನ್ನು ಹೆಚ್ಚಿಸುವುದು ಇದರ ಮುಖ್ಯ ಗುಣ. ಸಿಲಿಕಾ ಮರಳಿನ ಕುಲದ್ದು. ಸೋಜಿಗವಲ್ಲವೆ? ತ್ರಾಸಿಯ ಕಡಲತೀರದಿಂದ ಗಾಳಿಗೆ ಹಾರಿ ಬಂದು ರಸ್ತೆಯ ಮೇಲೆ ಬಿದ್ದ ಮರಳು ನಮ್ಮನ್ನು ಬೀಳಿಸುತ್ತದೆ. ಅದೇ ಕುಲದ ವಸ್ತು ರಬ್ಬರಿನೊಳಗೆ ಬೆರೆತಾಗ ಬೀಳದಂತೆ ಹಿಡಿಯುತ್ತದೆ.

ಇಂದಿನ ಮೆಟ್ಟಿನಲ್ಲಿ ಕೃತಕ ರಬ್ಬರೂ ಮರದ ರಬ್ಬರೂ ಕೂಡಿರುತ್ತವೆ. ಮರದ ರಬ್ಬರು ನಮಗೆ ದೂರದ್ದಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಫಲವಾಗಿ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯದ ಸೀಮೆಯ ಸರಕಾರಿ ರಬ್ಬರು ತೋಟಗಳೇ ಆಶ್ರಯವಾದವು. ಮಳೆಗಾಲದಲ್ಲಿ ಆ ಮರಗಳ ಗಾಯಕ್ಕೆ ನೀರಿಳಿಯದಂತೆ ಸುತ್ತಲೂ ಪ್ಲಾಸ್ಟಿಕಿನ ಲಂಗವನ್ನು ಕಟ್ಟುವುದನ್ನು ವಾಚಕರು ನೋಡಿರಬಹುದು. ಮಳೆಯಲ್ಲಿ ನಮ್ಮನ್ನು ಕಾಯುವ ರಬ್ಬರನ್ನು, ಅದು ಮರದಲ್ಲಿರುವಾಗ ಮಳೆಯಿಂದ ನಾವು ಕಾಯಬೇಕು.

ನಮ್ಮ ರಸ್ತೆಯ ಗುಣ

ಟೈರನ್ನು ಆರಿಸುವ ಮೊದಲು ರಸ್ತೆಯನ್ನು ಅರಿಯಬೇಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇಷ್ಟು ಮಳೆಯಲ್ಲಿಯೂ ಅತಿ ಅಪಾಯದ್ದು ಜಡಿಮಳೆಯಲ್ಲ, ಮೊದಲ ಮಳೆ. ಬೇಸಗೆಯೆಲ್ಲ ರಸ್ತೆ ಕುಡಿದ ಎಣ್ಣೆ, ಧೂಳು, ಟೈರಿನ ಪುಡಿ, ಮೊದಲ ಹನಿಗಳೊಡನೆ ಮೇಲೆದ್ದು ಲೋಳೆಯಾಗುತ್ತವೆ. ಒಂದೆರಡು ದೊಡ್ಡ ಮಳೆ ತೊಳೆದ ಮೇಲೆ ರಸ್ತೆ ಎಷ್ಟೋ ಮೇಲು.

ಉಳಿದ ಅಪಾಯಗಳು ಈ ನೆಲಕ್ಕೇ ವಿಶಿಷ್ಟವಾದವು. ಬಂದರುಗಳಿಂದ ಹೊರಟ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸುವ ಜಿಡ್ಡಿನ ನೀರು. ಒಳದಾರಿಗಳಿಂದ ಲಾರಿಯ ಚಕ್ರಕ್ಕೆ ಅಂಟಿ ಬಂದ ಕೆಂಪು ಮಣ್ಣು. ಮರದ ನೆರಳಿನ ಊರದಾರಿಯಲ್ಲಿ ಬೆಳೆದ ಹಾವಸೆ. ಸೇತುವೆಗಳ ಜೋಡಣೆಯ ಉಕ್ಕಿನ ಪಟ್ಟಿ. ರಸ್ತೆಗೆ ಬಳಿದ ಬಿಳಿಯ ಗೆರೆ. ಒದ್ದೆಯಾದಾಗ ಉಕ್ಕೂ ಬಣ್ಣವೂ ಬಾಳೆಯ ಸಿಪ್ಪೆಯೇ ಸರಿ. ಇವುಗಳ ಮೇಲೆ ಹಾಯುವಾಗ ಬ್ರೇಕು ಒತ್ತಬಾರದು, ವಾಲಬಾರದು. ನೆಟ್ಟಗೆ, ಮೆಲ್ಲಗೆ ದಾಟಬೇಕು. ಎಂಥ ಉತ್ತಮ ಟೈರೂ ಇಲ್ಲಿ ಸವಾರನ ವಿವೇಕಕ್ಕೆ ಬದಲಿಯಾಗದು.

ಟೈರಿನ ಶಾಸನ

ಹೊಸ ಟೈರು ಕೊಳ್ಳಲು ಹೋದಾಗ ನಾನು ಹಳೆಯ ಅಭ್ಯಾಸದಂತೆ ಮೊದಲು ಓದಲು ಏನಿದೆ ಎಂದು ನೋಡಿದೆ. ಟೈರಿನ ಪಕ್ಕೆಯ ಮೇಲೆ ಉಬ್ಬಚ್ಚಿನ ಒಂದು ಶಾಸನವೇ ಇರುತ್ತದೆ. ವೀರಗಲ್ಲಿನ ಸವೆದ ಅಕ್ಷರಗಳಿಗಿಂತ ಇದನ್ನು ಓದುವುದು ಸುಲಭ. ಆದರೆ ಓದುವವರು ಮಾತ್ರ ಇನ್ನೂ ವಿರಳ.

'100/90-17' ಎಂದಿದ್ದರೆ ಅಗಲ 100 ಮಿಲಿಮೀಟರು, ಪಕ್ಕೆಯ ಎತ್ತರ ಅಗಲದ ನೂರಕ್ಕೆ 90 ಪಾಲು, ಒಳಗಿನ ಚಕ್ರದ ವ್ಯಾಸ 17 ಅಂಗುಲ ಎಂದರ್ಥ. ಗಾಡಿ ಮಾಡಿದವರು ಹೇಳಿದ ಅಳತೆಯನ್ನೇ ಕೊಳ್ಳಬೇಕು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚೆಂದು ನಮ್ಮ ಹುಡುಗರು ದೊಡ್ಡ ಟೈರು ತೊಡಿಸುತ್ತಾರೆ. ಚಿಕ್ಕ ಚಕ್ರಕ್ಕೆ ದೊಡ್ಡ ಟೈರನ್ನು ಹಿಚುಕಿ ಕೂರಿಸಿದಾಗ ಅದರ ದುಂಡು ಕೆಡುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಇನ್ನೊಬ್ಬರ ಮೆಟ್ಟು ತೊಟ್ಟವನ ನಡಿಗೆ ಅದು.

ಅಳತೆಯ ಮುಂದಿನ ಅಂಕೆ ಹೊರುವ ಭಾರದ್ದು, ಅಕ್ಷರ ತಾಳುವ ವೇಗದ್ದು: 49 ಎಂದರೆ 185 ಕಿಲೋಗ್ರಾಮು, 'ಪಿ' ಎಂದರೆ ಗಂಟೆಗೆ 150 ಕಿಲೋಮೀಟರು. ಬಾಣದ ಗುರುತು ಚಕ್ರ ಉರುಳುವ ದಿಕ್ಕು. ತಿರುಗುಮುರುಗಾಗಿ ತೊಡಿಸಿದರೆ ಗೀರುಗಳು ನೀರನ್ನು ಹೊರಗೆ ದಬ್ಬುವ ಬದಲು ಒಳಗೆ ಕರೆದುಕೊಳ್ಳಬಹುದು. ಇನ್ನೊಂದೆಡೆ ನಾಲ್ಕು ಅಂಕೆಗಳಿರುತ್ತವೆ. '2324' ಎಂದರೆ 2024ನೆಯ ವರ್ಷದ 23ನೆಯ ವಾರದಲ್ಲಿ ಹುಟ್ಟಿದ ಟೈರು. ಅಂಗಡಿಯ ಅಟ್ಟದಲ್ಲಿ ಬಹಳ ವರ್ಷ ಮಲಗಿದ ಟೈರು ಹೊಸದಾಗಿ ಕಂಡರೂ ಅದರ ರಬ್ಬರು ಗಡುಸಾಗಿರುತ್ತದೆ. ಗಡುಸಾದ ರಬ್ಬರಿಗೆ ಒದ್ದೆಯಲ್ಲಿ ಹಿಡಿತ ಕಡಿಮೆ. ಬೆಲೆ ಇಳಿಸಿ ಕೊಡುತ್ತೇನೆಂದಾಗ ಈ ನಾಲ್ಕು ಅಂಕೆಗಳನ್ನು ನೋಡಿಯೇ ಮಾತು ಮುಂದುವರಿಸಬೇಕು.

'ಟಿಡಬ್ಲ್ಯುಐ' ಎಂಬ ಅಕ್ಷರಗಳೋ ಒಂದು ಚಿಕ್ಕ ತ್ರಿಕೋನವೋ ಪಕ್ಕೆಯಲ್ಲಿದ್ದರೆ, ಅದರ ನೇರಕ್ಕೆ ಗೀರಿನ ತಳದಲ್ಲಿ ಒಂದು ಸಣ್ಣ ದಿಣ್ಣೆ ಕಾಣುತ್ತದೆ. ಮೆಟ್ಟು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನಕ್ಕೆ ವಿಧಿಸಿದ ಕನಿಷ್ಠ ಆಳ 0.8 ಮಿಲಿಮೀಟರು. ಇದು ದೇಶಕ್ಕೆಲ್ಲ ಒಂದೇ ಕಾನೂನು, ರಾಜಸ್ಥಾನಕ್ಕೂ ತ್ರಾಸಿಗೂ. ಕಾನೂನಿನಂತೆ ಪಾಸಾಗುವುದಕ್ಕೂ ಚೆನ್ನಾಗಿ ಕಲಿಯುವುದಕ್ಕೂ ಇರುವ ಅಂತರ ಅಧ್ಯಾಪಕರಿಗೆ ಗೊತ್ತು. ನಮ್ಮ ಮಳೆಗೆ 2 ಮಿಲಿಮೀಟರು ಉಳಿದಾಗಲೇ ಬದಲಾಯಿಸುವುದು ಮೇಲೆಂದು ನನ್ನ ಎಣಿಕೆ. ಅದೂ ಜೂನ್‌ನಲ್ಲಲ್ಲ, ಮೇ ತಿಂಗಳಲ್ಲಿ.

ಆಯ್ಕೆಯ ಮಾತು

ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ, ಎಷ್ಟು ಸಾವಿರ ಕಿಲೋಮೀಟರು ಬಾಳುತ್ತದೆ ಎಂಬುದು. ಗಡಸು ರಬ್ಬರು ಹೆಚ್ಚು ಕಾಲ ಬಾಳುತ್ತದೆ, ಮೆದು ರಬ್ಬರು ಹೆಚ್ಚು ಹಿಡಿಯುತ್ತದೆ. ಎರಡನ್ನೂ ಸಂಪೂರ್ಣವಾಗಿ ಒಂದೇ ಟೈರಿನಲ್ಲಿ ಪಡೆಯಲಾಗದು. ಆದ್ದರಿಂದ, ಮಳೆಯಲ್ಲಿ ಹೇಗಿದೆ ಎಂಬುದು ಮೊದಲ ಪ್ರಶ್ನೆಯಾಗಲಿ, ಬಾಳಿಕೆ ಎರಡನೆಯದಾಗಲಿ.

ಮೆಟ್ಟಿನ ಚಿತ್ತಾರವನ್ನು ನೋಡುವಾಗ ನಡುವಿನಿಂದ ಅಂಚಿನವರೆಗೆ ಓಡುವ ಗೀರುಗಳಿರಬೇಕು. ನೀರು ಹೊರಹೋಗಲು ದಾರಿ ಬೇಕಷ್ಟೆ. ಕಾಡುದಾರಿಗೆಂದು ಮಾಡಿದ ದೊಡ್ಡ ದೊಡ್ಡ ಗುಬುಟುಗಳ ಟೈರು ನೋಡಲು ಭೀಮನಂತಿದ್ದರೂ, ಒದ್ದೆ ಡಾಮರಿನಲ್ಲಿ ಅದಕ್ಕೆ ನೆಲ ಸಿಗುವುದು ಕಡಿಮೆ. ತೋಟದ ದಾರಿಯಲ್ಲೇ ಓಡಾಡುವವನಿಗೆ ಮಾತ್ರ ಅದು ತಕ್ಕದ್ದು. ಟ್ಯೂಬಿಲ್ಲದ ಟೈರು, ಗಾಡಿಯ ಚಕ್ರ ಅದಕ್ಕೆ ಒಪ್ಪುವಂಥದಾದರೆ, ಉತ್ತಮ: ಮೊಳೆ ಚುಚ್ಚಿದರೆ ಗಾಳಿ ಮೆಲ್ಲಗೆ ಇಳಿಯುತ್ತದೆ, ಸವಾರನಿಗೆ ನಿಲ್ಲಿಸಲು ಎಡೆ ಸಿಗುತ್ತದೆ. ಹೊಸ ಟೈರಿನ ಮೈಮೇಲೆ ಕಾರ್ಖಾನೆಯ ಅಚ್ಚಿನ ಜಿಡ್ಡು ಉಳಿದಿರುವುದರಿಂದ ಮೊದಲ ನೂರು ನೂರೈವತ್ತು ಕಿಲೋಮೀಟರು ಜಾಗರೂಕತೆಯಿಂದ ಓಡಿಸಬೇಕು. ಜಡಿಮಳೆಯ ದಿನ ತೊಡಿಸಿಕೊಂಡು ಹೊಸತೆಂಬ ಧೈರ್ಯದಿಂದ ಹೊರಟರೆ ಹಳೆಯದಕ್ಕಿಂತ ಅದೇ ಮೊದಲು ಬೀಳಿಸೀತು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಗಾಡಿಯ ಮೇಲೆ ಬರೆದಿರುವ ಪ್ರಮಾಣಕ್ಕೆ ನೋಡಿಸಬೇಕು. ಹಿಂದೆ ಜನ ಕೂರುವುದಾದರೆ ಅದಕ್ಕೆ ಹೇಳಿದ ಪ್ರಮಾಣವೇ ಬೇರೆ.

2019ರ ಏಪ್ರಿಲಿನಿಂದ 125 ಸಿ.ಸಿ.ಗಿಂತ ಮೇಲಿನ ಹೊಸ ಗಾಡಿಗಳಿಗೆಲ್ಲ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಗಿದೆ. ಅದು ದೊಡ್ಡ ಉಪಕಾರ. ಆದರೆ ಟೈರಿನಲ್ಲಿ ಇರುವ ಹಿಡಿತವನ್ನು ಅದು ಹಾಳಾಗದಂತೆ ಬಳಸೀತು. ಇಲ್ಲದ ಹಿಡಿತವನ್ನು ಎಲ್ಲಿಂದ ತರಬೇಕು?

ಒಂದೇ ಟೈರಿಗೆ ಹಣವಿದ್ದರೆ

ಈ ವಿಚಾರಗಳನ್ನು ತಿಳಿದ ಮೇಲೆ ನನಗೆ ಒಂದು ಚಪಲ ಹತ್ತಿತು. ಕಾಲೇಜಿನ ಅಂಗಳದಲ್ಲಿ ನಿಂತ ಹುಡುಗರ ಗಾಡಿಗಳ ಚಕ್ರಗಳನ್ನು ಬಿಡುವಿನ ವೇಳೆಯಲ್ಲಿ ಬಗ್ಗಿ ನೋಡತೊಡಗಿದೆ. ಗಾಡಿಗಳ ಮೈ ಫಳಫಳ ಹೊಳೆಯುತ್ತಿತ್ತು. ಟೈರುಗಳೂ, ದುರದೃಷ್ಟವಶಾತ್, ಹೊಳೆಯುತ್ತಿದ್ದವು. ಒಂದು ದಿನ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನನ್ನು ಕರೆದು ತೋರಿಸಿದೆ. ಅವನ ತಂದೆ ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವರು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚಿರುತ್ತದೆ. ಹುಡುಗ ಸಂಜೆಯ ಹೊತ್ತು ಮದುವೆ ಮುಂಜಿಗಳಲ್ಲಿ ಬಡಿಸುವ ಕೆಲಸಕ್ಕೆ ಹೋಗಿ ನಡುರಾತ್ರಿ ಇದೇ ಗಾಡಿಯಲ್ಲಿ ಮನೆಗೆ ಮರಳುತ್ತಾನೆ.

"ಗೊತ್ತುಂಟು ಸರ್," ಎಂದ ಅವನು ತಲೆ ತಗ್ಗಿಸಿ. "ಎರಡೂ ಹಾಕಿಸುವಷ್ಟು ಈಗ ಆಗುವುದಿಲ್ಲ. ಒಂದಕ್ಕೆ ಮಾತ್ರ ಹಣ ಇದ್ದರೆ ಯಾವುದನ್ನು ಹಾಕಿಸಬೇಕು?"

ಟೈರಿನ ಬಗೆಗೆ ನಾನು ಓದಿದ್ದೆಲ್ಲವೂ ಈ ಒಂದು ಪ್ರಶ್ನೆಯ ಮುಂದೆ ಪರೀಕ್ಷೆಗೆ ಕುಳಿತಂತಾಯಿತು. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೆಂಬುದು ಪುಸ್ತಕದ ಮಾತು, ಅದು ಹಣವಿದ್ದವನಿಗೆ. ನಾವಿಬ್ಬರೂ ಅಳತೆಪಟ್ಟಿ ಹಿಡಿದು ಕುಳಿತೆವು. ಯಾವುದು ಆ ದಿಣ್ಣೆಗೆ ಹೆಚ್ಚು ಸಮೀಪವೋ ಅದು ಮೊದಲು ಎಂದು ಹೇಳಿದೆ. ಎರಡೂ ಸಮನಾಗಿ ಸವೆದಿದ್ದರೆ ಮುಂದಿನದೇ ಮೊದಲು: ಬ್ರೇಕು ಒತ್ತಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಅದರದ್ದೇ, ಹಿಂದಿನದು ಜಾರಿದರೆ ಒಮ್ಮೊಮ್ಮೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಅದು ಅಪರೂಪ. ಹಳೆಯ ಟೈರನ್ನು ಅರ್ಧ ಬೆಲೆಗೆ ಕೊಳ್ಳುವ ಆಸೆ ಮಾತ್ರ ಬೇಡ. ಅದು ಯಾರ ಯಾವ ಗುಂಡಿಗೆ ಬಿದ್ದು ಒಳಗೆಲ್ಲಿ ಹರಿದಿದೆಯೆಂದು ಹೊರಗಿನಿಂದ ತಿಳಿಯದು. ಎರಡನೆಯದು ಆಗುವವರೆಗೆ ನಲವತ್ತರೊಳಗೆ ಹೋಗು, ಜಡಿಮಳೆಯಾದರೆ ಯಾರದಾದರೂ ಜಗಲಿಯಲ್ಲಿ ನಿಲ್ಲು.

ಅಳೆದು ನೋಡಿದಾಗ ಅವನ ಹಿಂದಿನ ಟೈರೇ ದಿಣ್ಣೆಯ ಮಟ್ಟಕ್ಕೆ ಬಂದಿತ್ತು. ಆ ವಾರ ಅದನ್ನು ಹಾಕಿಸಿದ. ಮುಂದಿನದು ದೀಪಾವಳಿಗೆ ಆಯಿತು. ಆ ನಡುವಿನ ನಾಲ್ಕು ತಿಂಗಳು, ಮಳೆ ಸುರಿದ ಪ್ರತಿ ಬೆಳಿಗ್ಗೆ ಹಾಜರಿ ಕರೆಯುವಾಗ ಅವನ ಹೆಸರಿನ ಬಳಿ ನನ್ನ ದನಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. "ಬಂದಿದ್ದೇನೆ ಸರ್" ಎಂಬ ಮಾತನ್ನು ಅಷ್ಟು ಗಮನವಿಟ್ಟು ನಾನು ಹಿಂದೆಂದೂ ಕೇಳಿರಲಿಲ್ಲ.

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತಲೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಅವರಲ್ಲಿ ಎಷ್ಟು ಮಂದಿ ಟೈರಿನಿಂದಲೇ ಬಿದ್ದರೆಂದು ಆ ಅಂಕೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಮ್ಮ ಹತೋಟಿಯಲ್ಲಿಲ್ಲದ ಕಾರಣಗಳು ರಸ್ತೆಯ ಮೇಲೆ ಸಾವಿರವಿವೆ. ಹತೋಟಿಯಲ್ಲಿರುವುದನ್ನಾದರೂ ನೋಡಿಕೊಳ್ಳಬಾರದೆ ಎಂಬುದಷ್ಟೇ ನನ್ನ ವಿನಂತಿ.

ನಿಘಂಟಿನ ಎಂಟು ಸಂಪುಟಗಳು ಈಗಲೂ ನನ್ನ ಮೇಜಿನ ಮೇಲಿವೆ. ಅವುಗಳ ಮೇಲೆ ನನಗೆ ಮುನಿಸಿಲ್ಲ, ತಪ್ಪು ಅವುಗಳದ್ದಲ್ಲ. ಮಗಳ ಕೈ ಸರಿಹೋಯಿತು. ಮರುವರ್ಷ ಅವಳಿಗೆ ಬೇರೊಂದು ವೇಷ ದೊರೆಯಿತು, ಚೆನ್ನಾಗಿಯೇ ಕುಣಿದಳು. ಆದರೆ ಅಂದಿನಿಂದ ಅವಳಿಗೊಂದು ಅಭ್ಯಾಸ ಬಂದಿದೆ. ಮಳೆಗಾಲದಲ್ಲಿ ನನ್ನ ಹಿಂದೆ ಕೂರುವ ಮೊದಲು, ಏನೂ ಹೇಳದೆ ಬಗ್ಗಿ, ಹಿಂದಿನ ಚಕ್ರದ ಗೀರಿನೊಳಗೆ ಕಿರುಬೆರಳ ಉಗುರನ್ನು ಇಟ್ಟು ನೋಡುತ್ತಾಳೆ. ಆಮೇಲೆ, "ಅಡ್ಡಿಲ್ಲ ಅಪ್ಪಯ್ಯ, ಹೋಪ" ಎನ್ನುತ್ತಾಳೆ. ಆ ಮಾತು ಬರುವವರೆಗೆ ನಾನು ಗಾಡಿಯನ್ನು ಚಾಲೂ ಮಾಡುವುದಿಲ್ಲ.